ಕೆಂಡಕ್ಕೆ ಬೀಳದ ಹೂವು

ಅತ್ತೆ, ಕೇಳಿ. ಮಾವನವರು ರಂಗೂನಿನಿಂದ ತಂದಿದ್ದ ಆ ಸಾಂಬ್ರಾಣಿ ಗಟ್ಟಿಯನ್ನು ನಾನು ಕೆಂಡಕ್ಕೆ ಹಾಕಲೇ ಇಲ್ಲ. ಹಾಕಿದೆ ಎಂದು ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನಾವು ರಾಜಾಜಿನಗರದ ಹೊಸ ಮನೆಗೆ ಬಂದ ವರ್ಷ ಅದು. ಬೀದಿಗಿನ್ನೂ ಟಾರು ಬಿದ್ದಿರಲಿಲ್ಲ. ಕೆಮ್ಮಣ್ಣಿನ ಧೂಳು ಕಿಟಕಿಯ ಸರಳುಗಳ ಮೇಲೆಲ್ಲ ಕೂರುತ್ತಿತ್ತು. ಕೈಗೂಸು ರಘುವಿಗೆ ಎದೆ ಕಟ್ಟಿ, ಉಸಿರಾಡಿದರೆ ಗೊರಗೊರ ಸದ್ದು. ಡಾಕ್ಟರು ಔಷಧಿ ಕೊಟ್ಟು ಹೋದ ಮೇಲೆ ನೀವು ಟ್ರಂಕಿನ ತಳದಿಂದ ಆ ಗಟ್ಟಿಯನ್ನು ತೆಗೆದು ನನ್ನ ಕೈಗಿಟ್ಟಿರಿ.

"ನಿಮ್ಮ ಮಾವನವರ ನೆನಪಿಗೆ ಅಂತ ಉಳಿದಿರೋದು ಇದೊಂದೇ ಕಣೇ. ಇರ್ಲಿ, ಮಗುಗಿಂತ ಹೆಚ್ಚಾ? ಪೂರ್ತಿ ಕುಟ್ಟಿ ಹಾಕ್ಬಿಡು."

ಒರಳಿಗೆ ಹಾಕುವ ಮುಂಚೆ ಸುಮ್ಮನೆ ಹಿತ್ತಿಲ ಬಿಸಿಲಿಗೆ ಹಿಡಿದೆ — ಜೇನಿನ ಬಣ್ಣದೊಳಗೆ ಒಂದು ಹೂವು. ಅಕ್ಕಿಕಾಳಿನಷ್ಟು. ಐದು ಎಸಳು, ಒಂದರ ಅಂಚು ಮಡಿಚಿಕೊಂಡಿತ್ತು, ಈಗತಾನೇ ಉದುರಿದ ಹಾಗೆ. ಕುಟ್ಟಲು ಕೈ ಏಳಲಿಲ್ಲ. ಅಂಗಡಿಯ ಸಾಂಬ್ರಾಣಿಯದೇ ಹೊಗೆ ಹಾಕಿ, ಗಟ್ಟಿಯನ್ನು ಕಸೂತಿ ಡಬ್ಬಿಯಲ್ಲಿ, ಕಾನ್ವೆಂಟಿನ ದಿನಗಳ ರೇಷ್ಮೆ ದಾರಗಳ ಕೆಳಗೆ ಬಚ್ಚಿಟ್ಟೆ. ಒಳಗೆ ನನ್ನ ಮಗು ಏದುಸಿರು ಬಿಡುತ್ತಿತ್ತು, ನಾನಿಲ್ಲಿ ಹೂವನ್ನು — ನೆನೆದರೆ ಇವತ್ತಿಗೂ...

ರಘು ಚೇತರಿಸಿಕೊಂಡ. ರಂಗೂನಿನ ಹೊಗೆಗೇ ಮೊಮ್ಮಗ ಉಳಿದ ಎಂದು ಬೀದಿಗೆಲ್ಲ ಹೇಳಿದಿರಿ. ಕಾಫಿ ಲೋಟ ಹಂಚುತ್ತ ನಾನೂ ತಲೆಯಾಡಿಸಿದೆ. ಮಾವನವರ ತಿಥಿಯ ದಿನ ನೀವು ಆ ಟ್ರಂಕಿನ ತಳವನ್ನು ಬರಿಗೈಯಲ್ಲಿ ಸವರುವುದನ್ನು ಕಂಡೂ ಕಸೂತಿ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ನಿಮ್ಮ ಮಗಳು ಪದ್ಮಳಿಗೆ ಮಾತ್ರ ತೋರಿಸಿದೆ. ಅವಳು ಅದನ್ನು ಕಾಲೇಜಿಗೆ ಒಯ್ದವಳು, ಸಂಜೆ ಬಸ್ಸಿಳಿದು ಓಡಿಕೊಂಡೇ ಬಂದಳು.

"ಅತ್ತಿಗೆ, ಇದು ಸಾಂಬ್ರಾಣಿ ಅಲ್ಲ, ಅಂಬರ್. ಮರದ ಅಂಟು ಕಲ್ಲಾಗಿರೋದು. ಮನುಷ್ಯರೇ ಇಲ್ದಿದ್ದ ಕಾಲದ ಕಾಡಿನ ಹೂ ಕಣ್ರೀ. ನಮ್ಮ ಮೇಷ್ಟ್ರು ಲೆನ್ಸ್ ಹಿಡ್ಕೊಂಡು ಊಟಕ್ಕೇ ಏಳ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಅಮ್ಮಂಗೆ ನೀವೇ ಹೇಳ್ಬೇಕು," ಎಂದಳು.

ಅಡುಗೆಮನೆಯಲ್ಲಿ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಎಂಥ ಗೆಲುವು ಅದರದ್ದು! ಬೆಟ್ಟ ಕಾಡುಗಳೇ ಅಳಿದ ಮೇಲೂ ಉಳಿದು, ಯುದ್ಧದಲ್ಲಿ ಮಾವನವರ ಸೊಂಟದ ಗಂಟಿನಲ್ಲಿ ಬರ್ಮಾ ದಾಟಿ, ಕೊನೆಗೆ ನಮ್ಮ ಒರಳಿನಿಂದಲೂ ಪಾರಾಗಿತ್ತು.

ಈಗ ಪದ್ಮ ತಾನೇ ಪಾಠ ಹೇಳುತ್ತಾಳೆ. ರಘು ಎಷ್ಟು ಎತ್ತರ ಬೆಳೆದಿದ್ದಾನೆಂದರೆ ತಲೆ ಬಗ್ಗಿಸಿ ಬಾಗಿಲು ದಾಟುತ್ತಾನೆ. ಎಲ್ಲರೂ ಗೆದ್ದಿದ್ದಾರೆ. ಆದರೆ ಇಷ್ಟು ವರ್ಷ ನೀವು ನೋಡಬೇಕಾದ್ದನ್ನು ನಾನೊಬ್ಬಳೇ ನೋಡಿದೆ.

ನಾಳೆ ಜಗಲಿಗೆ ಬಿಸಿಲು ಬಂದಾಗ, ಪಕ್ಕದ ಮನೆಯವರಿಗೆ ನೀವು ಆ ಹೊಗೆಯ ಕಥೆ ಶುರುಮಾಡುವ ಮುಂಚೆಯೇ, ಅದನ್ನು ನಿಮ್ಮ ಅಂಗೈಯಲ್ಲಿಡುತ್ತೇನೆ. ಬೆಳಕಿಗೆ ಹಿಡಿಯಿರಿ, ಅತ್ತೆ. ಮೊದಲು ಹೂವನ್ನು ನೋಡಿ. ಆಮೇಲೆ ನನ್ನನ್ನು.