ಅಡುಗೆಮನೆಯ ಗಿಡ್ಡ ಬಾಗಿಲು

ಹೊನ್ನಾಳಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಬಾಗಿಲುಗಳು ಆನೆಮರಿಯೊಂದು ಸಲೀಸಾಗಿ ಹೋಗಿಬರುವಷ್ಟು ಎತ್ತರವಾಗಿವೆ. ಆದರೂ ಅಡುಗೆಮನೆಗೆ ಹೋಗುವಾಗಲೆಲ್ಲ ನಾನು ತಲೆ ಬಗ್ಗಿಸುತ್ತೇನೆ. ಇದು ತನಗೆ ಸಲ್ಲುವ ಗೌರವವೆಂದು ಹೆಂಡತಿ ಮೊದಮೊದಲು ಭಾವಿಸಿದ್ದಳಂತೆ. ಅವಳು ಒಳಗಿಲ್ಲದಾಗಲೂ ನಾನು ಬಗ್ಗುವುದನ್ನು ಮಕ್ಕಳು ವರದಿ ಮಾಡಿದ ಮೇಲೆ ಆ ಭ್ರಮೆ ಬಿಟ್ಟು ನಗತೊಡಗಿದಳು.

ಈ ಚಾಳಿಯ ಮೂಲ ಜಗಳೂರಿನ ನಮ್ಮ ಮಾಳಿಗೆ ಮನೆ. ಅದರ ಅಡುಗೆಮನೆಯ ಬಾಗಿಲು ಬಲು ಗಿಡ್ಡ. ಹದಿನಾಲ್ಕರ ವಯಸ್ಸಿನಲ್ಲಿ ಜೋಳದ ದಂಟಿನಂತೆ ಇದ್ದಕ್ಕಿದ್ದಂತೆ ಬೆಳೆದ ನಾನು ದಿನಕ್ಕೆರಡು ಬಾರಿಯಾದರೂ ಅದರ ಅಡ್ಡಮರಕ್ಕೆ ಹಣೆ ಒಪ್ಪಿಸುತ್ತಿದ್ದೆ. ಆದರೆ ನೋವಾದ ನೆನಪಿಲ್ಲ. ಯಾರೋ ಪುಣ್ಯಾತ್ಮರು ಅಲ್ಲಿ ಹಳೆಯ ಬಟ್ಟೆಯ ಮೆತ್ತೆಯೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅದರ ಮೆದುತನ ನನ್ನ ಹಣೆಗೆ ಇನ್ನೂ ಗೊತ್ತು.

ಯುದ್ಧದ ವರ್ಷಗಳ ಒಂದು ಬೇಸಗೆಯಲ್ಲಿ, ಆ ಮನೆಯನ್ನು ಮಾರಾಟಕ್ಕೆ ಅಣಿಗೊಳಿಸಲೆಂದು, ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಅರ್ಧ ದಾರಿ ಕೂತು, ಉಳಿದರ್ಧ ಅದನ್ನು ತಳ್ಳಿ, ಊರು ಸೇರಿದೆ. ಮನೆಯಲ್ಲಿದ್ದವಳು ಅಕ್ಕ. ನನಗೆ ಹದಿಮೂರಿದ್ದಾಗ, ತನ್ನ ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಈಗ ನನ್ನೊಡನೆ ಹೊನ್ನಾಳಿಗೆ ಬರಲು ಒಪ್ಪಿದ್ದಳು. ಗೋಡೆಗೆ ಸುಣ್ಣವಾಯಿತು, ಅಂಚಿಗೆ ಕೆಮ್ಮಣ್ಣಾಯಿತು. ಗಿಡ್ಡ ಬಾಗಿಲನ್ನು ಎತ್ತರಿಸಬಹುದೇ ಎಂದು ಬಡಗಿಯನ್ನು ಕೇಳಿದರೆ ಆತ ತೊಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. “ಮನೆ ಎತ್ತೋದಕ್ಕಿಂತ ಕತ್ತು ಬಗ್ಗಿಸೋದು ಸಸ್ತಾ ಐತೆ, ಮೇಷ್ಟ್ರೇ.”

ಆಗಲೇ ನಾನು ಮೆತ್ತೆಯ ಗುರುತಿಗಾಗಿ ಅಡ್ಡಮರವನ್ನು ತಡವಿದ್ದು. ಒಂದು ಮೊಳೆಯ ತೂತೂ ಸಿಗಲಿಲ್ಲ.

“ಮೆತ್ತೆ ಯಾವತ್ತಿತ್ತೋ ಅಲ್ಲಿ?” ಎಂದಳು ಅಕ್ಕ. “ಎಲ್ಲೋ ಓದಿದ್ದನ್ನ ತಂದು ನಮ್ಮನೆ ಬಾಗಿಲಿಗೆ ಹೊಡೀಬ್ಯಾಡ.”

ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿದವನಿಗೆ ಇಂಥ ಮಾತು ಸಣ್ಣದಲ್ಲ. ಮೆತ್ತೆಯೇ ಸುಳ್ಳಾದರೆ ಆ ಮನೆಯ ಬಗ್ಗೆ ನಾನು ನೆನಪಿಟ್ಟುಕೊಂಡ ಉಳಿದದ್ದಕ್ಕೆ ಸಾಕ್ಷಿ ಯಾರು?

ಕೊಳ್ಳಲು ಬರುವವರಿಗೆ ಈ ಸಂದೇಹಗಳಿರಲಿಲ್ಲ. ನಮ್ಮ ಕಡೆ ಮನೆ ನೋಡಲು ಬಂದವರು ಗೋಡೆ ತಟ್ಟುತ್ತಾರೆ, ಮಾಳಿಗೆ ಹತ್ತುತ್ತಾರೆ, ಕೊನೆಗೆ ಹೊಸಿಲಲ್ಲಿ ನಿಂತು, ಈ ಮನೆ ನಿಮಗೆ ಆಗಿಬಂದಿದೆಯೇ ಎಂದು ಕೇಳುತ್ತಾರೆ. ಮೊದಲು ಬಂದ ಇಬ್ಬರೂ ಕೇಳಿದರು. ಅಕ್ಕ ಬಂದ ಮರುವರ್ಷವೇ ಅಪ್ಪ ತೀರಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಮನೆಗೂ ಸಾವಿಗೂ ಕಾರ್ಯಕಾರಣ ಸಂಬಂಧವಿಲ್ಲವೆಂದು ನಾನು ಇಬ್ಬರಿಗೂ ಸವಿಸ್ತಾರವಾಗಿ ನಿರೂಪಿಸಿದೆ. ನಿರೂಪಣೆ ಎಷ್ಟು ಚೆನ್ನಾಗಿತ್ತೆಂದರೆ, ಇಬ್ಬರೂ ತಿರುಗಿ ಬರಲಿಲ್ಲ. ಎರಡನೆಯವರು ಹೋದ ಮಧ್ಯಾಹ್ನ ಅಕ್ಕ ಊಟ ಮಾಡಲಿಲ್ಲ. ಸಾರಿಸಿದ ನೆಲವನ್ನೇ ಮತ್ತೆ ಸಾರಿಸಿದಳು. ಮನೆ ಆಗಿಬರಲಿಲ್ಲ ಎಂದರೆ ಊರು ಬೆರಳು ತೋರಿಸುವುದು ಯಾರ ಕಡೆಗೆ ಎಂಬುದು ನನ್ನ ತರ್ಕಕ್ಕೆ ಆಗ ಹೊಳೆಯಿತು.

ಮೂರನೆಯದಾಗಿ ಹತ್ತಿರದ ಸೊಕ್ಕೆ ಎಂಬ ಹಳ್ಳಿಯಿಂದ ಒಬ್ಬ ಬಟ್ಟೆ ವ್ಯಾಪಾರಿ ತನ್ನ ಬಸುರಿ ಹೆಂಡತಿಯೊಡನೆ ಬಂದ. ಅಕ್ಕ ನನಗೆ ಬಾಯಿ ಬಿಡಕೂಡದೆಂದು ಮೊದಲೇ ತಾಕೀತು ಮಾಡಿದ್ದಳು. ಈ ಸಲ ಕೇಳಿದವಳು ಆ ಹುಡುಗಿ, ಅದೂ ಮೆಲ್ಲಗೆ: “ಮನೆ ನಿಮಗೆ ಆಗಿಬಂದೈತೇನ್ರಿ, ಅಕ್ಕಾ?”

ನಾನು ನೆಲ ನೋಡಿದೆ. ಅಕ್ಕ ಸೆರಗು ಸರಿಪಡಿಸಿಕೊಂಡಳು.

“ಅದನ್ನ ಹೆಂಗೆ ಹೇಳಲವ್ವ. ನಮ್ಮಪ್ಪ ಇಲ್ಲೇ ಹೋದ್ರು. ನನ್ನ ಗಂಡ ಹೋಗಿದ್ದು ಬ್ಯಾರೆ ಊರಾಗೆ. ಎಲ್ಲಿಗೆ ಹೋಗ್ಲಿ ಅಂತ ಗಂಟು ಹಿಡ್ಕಂಡು ಬಂದಾಗ, ಈ ಮನೆ ಯಾಕೆ ಬಂದೆ ಅಂತ ಕೇಳಲಿಲ್ಲ. ನನಗೆ ಹೇಳಾಕೆ ಬರೋದು ಇಷ್ಟೇ.”

ಹುಡುಗಿ ಒಲೆ ನೋಡುತ್ತೇನೆಂದು ಒಳಗೆ ಹೊರಟಳು. ಅವಳೂ ಎತ್ತರದವಳೇ. ನಾನು ಎಚ್ಚರಿಸುವಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕನ ಬಲಗೈ ಮೇಲೆದ್ದು, ಅಂಗೈ ಹೊರಗಾಗಿ ಅಡ್ಡಮರಕ್ಕೆ ಒತ್ತಿಕೊಂಡಿತು. ಹುಡುಗಿಯ ಹಣೆ ಅದಕ್ಕೆ ತಾಗಿತು. ಅಕ್ಕ ಮಾತ್ರ ಅವಳಿಗೆ ಒಲೆಯ ಹೊಗೆ ಯಾವ ಕಡೆ ಹೋಗುತ್ತದೆಂದು ವಿವರಿಸುತ್ತಲೇ ಇದ್ದಳು. ಕೈ ಏನು ಮಾಡಿತೆಂಬುದು ಅವಳಿಗೇ ತಿಳಿದಂತಿರಲಿಲ್ಲ.

ನನ್ನ ಮೆತ್ತೆ ಅದೇ ಎಂದು ಆಣೆಯಿಟ್ಟು ಹೇಳಲಾರೆ. ನೆನಪನ್ನು ನಂಬಿ ಒಮ್ಮೆ ಪೇಚಿಗೆ ಬಿದ್ದವನು ನಾನು. ಅಕ್ಕನನ್ನು ಕೇಳಬಹುದಿತ್ತು, ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸೊಕ್ಕೆಯಿಂದ ಒಪ್ಪಿಗೆ ಬಂತು. ಅಕ್ಕ ಸುದ್ದಿ ಕೇಳಿ, ಅವರು ವಾಸಕ್ಕೆ ಬಂದಾಗ ಒಲೆ ತಣ್ಣಗಿರಬಾರದು, ಹಚ್ಚಿಡಿ ಎಂದು ನೆರೆಮನೆಯವರಿಗೆ ಹೇಳಿಬರಲು ಹೋದಳು.

ಈಗ ಅವಳು ಹೊನ್ನಾಳಿಯ ಅಡುಗೆಮನೆಯ ಎತ್ತರದ ಬಾಗಿಲಲ್ಲಿ ನಿಂತು ಮೊರದಲ್ಲಿ ಅಕ್ಕಿ ಕೇರುತ್ತಾಳೆ. ನಾನು ಬರುವುದು ಕಂಡರೆ ಅವಳ ಬಲಗೈ ಮೊರ ಬಿಟ್ಟು ಒಂದಿಷ್ಟು ಮೇಲೇಳುತ್ತದೆ. ಇಲ್ಲಿಯ ಅಡ್ಡಮರ ಎಟುಕದೆಂದು ನೆನಪಾಗಿ ಮತ್ತೆ ಇಳಿಯುತ್ತದೆ. ನಾನು ತಲೆ ಬಗ್ಗಿಸಿಯೇ ಒಳಗೆ ಹೋಗುತ್ತೇನೆ. ಹೆಂಡತಿ ಈಗ ನಗುವುದಿಲ್ಲ.