ಗುಗೈಯಲ್ಲಿ ನಾನು ತೋಡಿಸಿದ ಇಂಗುಗುಂಡಿ

೧೯೩೫ರಲ್ಲಿ ನಾನು ಸೇಲಂನಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿದ್ದೆ. ಪರೀಕ್ಷೆ ಪಾಸು ಮಾಡಿ ಒಂದು ವರ್ಷವಷ್ಟೇ ಆಗಿತ್ತು. ತಲೆ ಮಾತ್ರ ಮುಗಿಲಿನಲ್ಲಿತ್ತು. ಊರಿನ ಗುಗೈ ಭಾಗದ ನೇಕಾರರ ಬೀದಿಗಳು ನನ್ನ ಪಾಲಿಗೆ ಬಂದಿದ್ದವು. ಅಲ್ಲಿಯವರು ಮನೆಯಲ್ಲಿ ನನ್ನ ಹಾಗೇ ಕನ್ನಡ ಆಡುವವರು. ಆ ಸಲಿಗೆಯನ್ನು ನಾನು ಅಧಿಕಾರ ಚಲಾಯಿಸಲು ಬಳಸಿಕೊಂಡೆ.

ಅಲ್ಲಿನ ನೇಕಾರ ಮುದ್ದಯ್ಯನ ಹಿತ್ತಲಲ್ಲಿ ತೆರೆದ ಕಾಲುವೆಯೊಂದಿತ್ತು. ಮಳೆನೀರು, ಬಚ್ಚಲ ನೀರು, ನೂಲಿಗೆ ಹಾಕಿದ ಗಂಜಿ ತೊಳೆದ ನೀರು ಎಲ್ಲವೂ ಅದರಲ್ಲಿ ಹರಿದು ಓಣಿ ಸೇರುತ್ತಿತ್ತು. ನಾತ, ಸೊಳ್ಳೆ. ಆ ವರ್ಷ ಮಲೇರಿಯಾ ಭಯ ಬೇರೆ. ಕಾಲುವೆ ಮುಚ್ಚಿ ಇಂಗುಗುಂಡಿ ತೋಡಬೇಕೆಂದು ನೋಟಿಸ್ ಕೊಟ್ಟೆ. ನಾಲ್ಕಡಿ ಚೌಕ, ಆರಡಿ ಆಳ. ಒಳಗೆ ಇಟ್ಟಿಗೆ ಚೂರು, ಜಲ್ಲಿ ತುಂಬಿದರೆ ನೀರು ತಾನಾಗಿ ಭೂಮಿಗೆ ಇಳಿಯುತ್ತದೆ. ಹಾಗೆಂದು ನನ್ನ ಪುಸ್ತಕದಲ್ಲಿತ್ತು.

ಗಂಡ ಹೆಂಡತಿ ಮಗ್ಗ ನಿಲ್ಲಿಸಿ ತಾವೇ ತೋಡಿದರು. ನಾಲ್ಕಡಿಗೆ ಹಾರೆ ಠಣ್ಣೆಂದಿತು. ಮುದ್ದಯ್ಯನ ಹೆಂಡತಿ ಚೌಡಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಕೆಳಗೆ ಬಂಡೆ ಐತೆ ಸಾಮಿ. ನಮ್ಮತ್ತೆ ಕಾಲ್ದಾಗೆ ಬಾವಿ ತೋಡಕ್ಕೋಗಿ ಇಲ್ಲೇ ಬಿಟ್ಟವ್ರೆ. ಬಂಡೆ ಮನೆ ಕಡೆ ವಾಲೈತೆ. ನೀರು ಎಲ್ಲಿಗೋಯ್ತದೆ, ನೀವೇ ಏಳಿ?"

"ನೀರಿಗೆ ದಾರಿ ಗೊತ್ತಮ್ಮ. ನೀನು ಒಲೆ ನೋಡು" ಎಂದೆ.

ಅವಳು ನಕ್ಕಳು. "ಪುಸ್ತಕ ಓದಿದ್ರೆ ಬಂಡೆ ಕರಗ್ತದಾ ಸಾಮಿ?"

ಮೈಯೆಲ್ಲ ಉರಿಯಿತು. ನಾಲ್ಕಡಿಯೇ ಸಾಕೆಂದು ಜಲ್ಲಿ ತುಂಬಿಸಿ, ಕಾಲುವೆಯನ್ನು ನನ್ನೆದುರಿಗೇ ಮುಚ್ಚಿಸಿದೆ. ಅವರದು ಗುಣಿಮಗ್ಗ. ನೆಲದಲ್ಲಿ ಗುಣಿ ತೋಡಿ, ನೇಕಾರ ಅದರಂಚಿನಲ್ಲಿ ಕೂತು ಒಳಗಿನ ಹಲಗೆಗಳನ್ನು ತುಳಿಯುತ್ತಾನೆ. ಹಿತ್ತಲ ಗೋಡೆಗೂ ಆ ಗುಣಿಗೂ ಮೂರೇ ಮೊಳ. ನಾನು ಒಳಗೆ ಇಣುಕಿಯೂ ನೋಡಿರಲಿಲ್ಲ.

ಅಕ್ಟೋಬರಿನಲ್ಲಿ ಮಳೆ ಮೂರು ದಿನ ಬಿಡದೆ ಹೊಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಅಯ್ಯೋ, ಮಗ್ಗದ ಗುಣಿಯಲ್ಲಿ ಸೊಂಟದಷ್ಟು ನೀರು! ಇಂಗುಗುಂಡಿಯ ನೀರೆಲ್ಲ ಬಂಡೆಯ ಮೇಲೆ ಜಾರಿ ಗೋಡೆಯ ಬುಡ ನೆನೆಸಿತ್ತು. ಮಣ್ಣಿನ ಗೋಡೆ ಮಗ್ಗದ ಮೇಲೆಯೇ ಕುಸಿದಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಮಲಗಿದ್ದರಿಂದ ಉಳಿದಿದ್ದರು. ಮಗ್ಗ ಎರಡು ತುಂಡಾಗಿತ್ತು. ಅರ್ಧ ನೇಯ್ದ ಸೀರೆಯ ಹಾಸುನೂಲು ಕೆಸರಿನಲ್ಲಿತ್ತು. ಚೌಡಮ್ಮ ಅದರ ಎಳೆಗಳನ್ನು ಬಿಡಿಸುತ್ತ ಕೂತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹಳೆಯ ಕಾಲುವೆಯನ್ನೇ ಕಲ್ಲು ಕಟ್ಟಿ ತೆಗೆಸಿಕೊಡುತ್ತೇನೆ ಎಂದು ತೊದಲಿದೆ. ಮುದ್ದಯ್ಯ ಕೈ ಎತ್ತಿ ತಡೆದ.

"ಪೋದುಂ ಸಾಮಿ, ಸಾಕು. ಇನ್ನೇನೂ ಏಳ್ಕೊಡಬ್ಯಾಡಿ."

ಅದೇ ತಿಂಗಳು ಅವರು ಏರ್ಕಾಡು ಬೆಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೋದರು. ಕತ್ತಲಲ್ಲೂ ಕಡಿದ ಎಳೆಯನ್ನು ಬೆರಳಲ್ಲೇ ಹುಡುಕಿ ಗಂಟು ಹಾಕಬಲ್ಲ ಆ ಮನುಷ್ಯ ಗಿಡದ ಬುಡ ಕೆತ್ತಲು ಹೋದ.

ನನ್ನ ವರದಿಯಲ್ಲಿ "ತೆರೆದ ಕಾಲುವೆ ಮುಚ್ಚಿಸಲಾಗಿದೆ" ಎಂದಷ್ಟೇ ಬರೆದೆ. ಗೋಡೆಯ ಮಾತೆತ್ತಲು ಧೈರ್ಯ ಬರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು! ಮೇಲಧಿಕಾರಿ ಶಹಭಾಸ್ ಎಂದರು. ಮರುವರ್ಷ ಬಡ್ತಿಯೂ ಬಂತು.

ಆಮೇಲೆ ಇಪ್ಪತ್ತೆರಡು ವರ್ಷ ಯಾವ ಹಿತ್ತಲಿಗೆ ಹೋದರೂ ಮೊದಲು ಆ ಮನೆಯ ಹೆಂಗಸರನ್ನು ಕೇಳಿದೆ: ಇಲ್ಲಿ ನೆಲ ಹೇಗೆ, ನೀರು ಎತ್ತ ಹೋಗುತ್ತದೆ? ಒಳ್ಳೆಯ ಇನ್‌ಸ್ಪೆಕ್ಟರ್ ಎಂದು ಹೆಸರು ಬಂತು. ಕಲಿತವನು ನಾನು, ಮಗ್ಗ ಕಳೆದುಕೊಂಡವರು ಅವರು.