ತಾಮುವಿನ ಕೈಯ ಚಹಾ

ರಖಿಯಾ ರೊಟ್ಟಿ ಬಿಟ್ಟಳಂತೆ ಎಂದಾಗ ಸೆಫ್ರು ಊರಿನ ಅವಳ ಬೀದಿಯೇ ನಕ್ಕಿತು. ನಗದೆ ಇನ್ನೇನು ಮಾಡೀತು? ಬೀದಿಯ ತಿರುವಿನಲ್ಲಿ ಕೂತು ರೊಟ್ಟಿ ಸುಟ್ಟು ಮಾರುವವಳೇ ಅವಳು!

"ಏನಮ್ಮಾ, ಈ ವಯಸ್ಸಲ್ಲಿ ಮದುವೆ ಗೊತ್ತಾಯ್ತಾ?" ಎಂದು ಪಕ್ಕದ ಮನೆಯ ಹಾದ್ದಾ ರೇಗಿಸಿದಳು.

"ನನ್ನ ತಂಗಿ ಬದುಕ್ಬೇಕು ಕಣೇ. ಬಾಯಿ ಮುಚ್ಕೊಂಡು ಹೋಗು."

ತಂಗಿ ತಾಮುವಿನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ರಕ್ತ ತೊಳೆಯುವ ಯಂತ್ರದ ದಯೆಯಿಂದ ಜೀವ ನಿಂತಿತ್ತು. ಅಕ್ಕನ ಕಿಡ್ನಿ ಹೊಂದುತ್ತಿತ್ತು. ಆದರೆ ಈ ಮೈಭಾರದಲ್ಲಿ ಆಪರೇಷನ್ ಆಗದು, ಮೊದಲು ಇಳಿಸಿ ಎಂದುಬಿಟ್ಟಿದ್ದರು ಡಾಕ್ಟರಮ್ಮ.

ರೊಟ್ಟಿ ಹೋಯಿತು, ಶುಕ್ರವಾರದ ಗೋಧಿರವೆಯ ಕುಸ್ಕುಸ್ ಹೋಯಿತು. ಉಳಿದದ್ದು ಮೊಟ್ಟೆ, ಮೀನು, ಸೊಪ್ಪು. ಮೊದಮೊದಲು ಮೈ ಸರಸರನೆ ಇಳಿಯಿತು. ಆಮೇಲೆ ತಕ್ಕಡಿಯ ಮುಳ್ಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಮೊದಲು ಹೋಗಿದ್ದು ಹೆಚ್ಚಾಗಿ ನೀರು" ಎಂದರು ಡಾಕ್ಟರಮ್ಮ. "ಹಿಟ್ಟು, ಸಕ್ಕರೆ ಒಳಗೆ ಬೀಳ್ತಾ ಇದ್ರೆ ಮೈ ಅದನ್ನೇ ಉರಿಸುತ್ತೆ, ಕೂಡಿಟ್ಟ ಕೊಬ್ಬಿಗೆ ಕೈ ಹಾಕಲ್ಲ. ನಿಜ ಹೇಳಿ, ಏನು ತಿಂತಿದೀರಾ?"

"ದೇವರಾಣೆ ಏನೂ ಇಲ್ಲ. ಬರೀ ಚಹಾ."

ಬರೀ ಚಹಾ! ನಮ್ಮಲ್ಲಿ ಚಹಾವನ್ನು ತಿನಿಸಿನ ಲೆಕ್ಕಕ್ಕೆ ಯಾರು ಹಿಡಿಯುತ್ತಾರೆ? ಸಕ್ಕರೆ ಗಟ್ಟಿಯನ್ನು ಒಡೆದು ಪುದೀನದ ಜೊತೆ ಕೆಟಲಿಗೆ ಸುರಿಯುವುದು, ಲೋಟ ಬರಿದಾದಂತೆ ತುಂಬುವುದು. ತಾಮು ದಿನವೂ ಅಕ್ಕನನ್ನು ಎದುರು ಕೂರಿಸಿಕೊಂಡು ಬಗ್ಗಿಸಿ ಕೊಡುತ್ತಿದ್ದಳು. "ನಾನಂತೂ ಬಾಯಾರಿದಷ್ಟು ಕುಡಿಯೋ ಹಾಗಿಲ್ಲ. ನನಗೋಸ್ಕರ ರೊಟ್ಟಿ ಬಿಟ್ಟಿದೀಯ, ಇದನ್ನಾದ್ರೂ ಕುಡಿ ಅಕ್ಕಾ. ನೀನು ಕುಡಿಯೋದು ನೋಡಿದ್ರೆ ನನ್ನ ದಾಹ ತೀರುತ್ತೆ."

ಈಗ ಅವಳಿಗೆ ಏನೆಂದು ಹೇಳುವುದು? ನಿನ್ನ ಪ್ರೀತಿಯೇ ನಿನಗೆ ಮುಳುವಾಯಿತು ಎಂದೇ? ರಖಿಯಾ ಹೊಟ್ಟೆ ಸರಿಯಿಲ್ಲವೆಂದು ಲೋಟ ಸರಿಸತೊಡಗಿದಳು.

"ಹೊಟ್ಟೆ ಸರಿಯಿಲ್ವಂತೆ! ರೋಗಿಷ್ಟೆ ಕೈ ಚಹಾ ಅಸಹ್ಯ ಅಂತ ನೇರವಾಗಿ ಹೇಳು" ಎಂದು ತಾಮು ಮುಖ ತಿರುಗಿಸಿದಳು. ಅಂದಿನಿಂದ ಅಕ್ಕನಿಗೆ ಚಹಾ ಬೇಕಾ ಎಂದು ಕೇಳುವುದನ್ನೂ ಬಿಟ್ಟಳು. ಸಂಕಟವಾಗದೆ ಇರುತ್ತದೆಯೇ? ಕಿಡ್ನಿ ಕೊಟ್ಟಮೇಲೆ ಎಲ್ಲ ಹೇಳಿಕೊಂಡು ಇಬ್ಬರೂ ನಕ್ಕರಾಯಿತು ಎಂದು ರಖಿಯಾ ಹಲ್ಲು ಕಚ್ಚಿ ಸಹಿಸಿದಳು.

ಮುಳ್ಳು ಮತ್ತೆ ಇಳಿಯಿತು. ಡಾಕ್ಟರಮ್ಮ ಆಪರೇಷನ್‌ಗೆ ಒಪ್ಪಿದರು. ಅಷ್ಟರಲ್ಲಿ ತಾಮುವಿಗೆ ಜ್ವರ ಬಂತು, ರಕ್ತಕ್ಕೆ ನಂಜೇರಿತು, ಕಣ್ಣುಮುಚ್ಚಿ ತೆರೆಯುವುದರೊಳಗೆ ಹೋಗಿಬಿಟ್ಟಳು.

ಹೆಣ ತೊಳೆಯಲು ಹೆಂಗಸರ ಜೊತೆ ರಖಿಯಾಳೂ ನೀರಿನ ತಂಬಿಗೆ ಹಿಡಿದು ಕೂತಳು. ತಂಗಿಯ ಒಣಗಿದ ತುಟಿ ಒರೆಸುತ್ತ ಕಿವಿಯ ಬಳಿ ಬಗ್ಗಿದಳು.

"ಅಸಹ್ಯ ಅಲ್ಲ ಕಣೇ ತಾಮು. ಸಕ್ಕರೆ ಕಣೇ, ಬರೀ ಸಕ್ಕರೆ. ಕೇಳಿಸ್ತೇನೇ?"

ಹಾದ್ದಾ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡಳು.